ಮುಂದಿನ ಪುಟ ಯಾರ ಕೈಯಲ್ಲಿದೆ?

“ಮಗಳು ಹೊತ್ತಿಲ್ಲದ ಹೊತ್ತಿನಲ್ಲಿ ಫೋನ್ ಹಿಡಿದು ಕೂತಿರ್ತಾಳೆ. ಏನೇ ಅದು ಅಂದ್ರೆ, ಓದ್ತಾ ಇದೀನಮ್ಮ ಅಂತಾಳೆ. ಅದನ್ನ ಓದು ಅಂತ ಒಪ್ಕೋಬೇಕಾ ಮೇಡಂ?” ಈ ಅಂಕಣಕ್ಕೆ ಇಷ್ಟು ಸಲ, ಇಷ್ಟು ಊರುಗಳಿಂದ ಬಂದ ಪ್ರಶ್ನೆ ಇನ್ನೊಂದಿಲ್ಲ. ಹಾಸನದಿಂದ ಬರೆದ ತಾಯಿಯ ಮಗಳು ಒಂಬತ್ತನೇ ಕ್ಲಾಸು. ಗದಗದ ತಂದೆಯೊಬ್ಬರ ಮಗ ಪಿಯುಸಿ. ಅವನು ಓದುವ ಆಟ ಆಡುತ್ತಾನಂತೆ, ಅದಕ್ಕೆ ದುಡ್ಡೂ ಕಟ್ಟುತ್ತಾನಂತೆ. ಹೈಸ್ಕೂಲು ಶಿಕ್ಷಕಿಯೊಬ್ಬರ ಪ್ರಶ್ನೆ ಬೇರೆ. ಶಾಲೆಯ ಗ್ರಂಥಾಲಯದ ಕಡೆ ತಲೆ ಹಾಕದ ಹುಡುಗಿಯರು ಊಟದ ಬಿಡುವಿನಲ್ಲಿ ಯಾವುದೋ ಕಥೆಯ ನಾಯಕ ಒಳ್ಳೆಯವನೋ ಕೆಟ್ಟವನೋ ಎಂದು ಜಗಳವಾಡುತ್ತಾರೆ, ಆ ಕಥೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಇದೆಲ್ಲ ಎಲ್ಲಿಂದ ಬರುತ್ತದೆ ಎಂದು ಅವರು ಕೇಳಿದ್ದರು.

ಕಾಗದವೋ ಫೋನೋ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದಕ್ಕೆ ತಕ್ಕಮಟ್ಟಿನ ಉತ್ತರ ಸಿಕ್ಕಿದೆ. 2018ರಲ್ಲಿ ಸ್ಪೇನಿನ ವೆಲೆನ್ಸಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 1,70,000ಕ್ಕೂ ಹೆಚ್ಚು ಓದುಗರ ಲೆಕ್ಕ ಅದರಲ್ಲಿತ್ತು. ಮಾಹಿತಿ ತುಂಬಿದ ಬರಹ ಕಾಗದದಲ್ಲಿ ಓದಿದಾಗಲೇ ಚೆನ್ನಾಗಿ ತಲೆಗೆ ಹತ್ತುತ್ತದೆ, ಗಡಿಯಾರ ನೋಡಿಕೊಂಡು ಓದುವಾಗಲಂತೂ ಇನ್ನೂ ಹೆಚ್ಚು ಎಂದು ಕಂಡುಬಂತು. ಬರೀ ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವಿಜ್ಞಾನದ ಪಾಠವನ್ನು, ಪರೀಕ್ಷೆಯ ಟಿಪ್ಪಣಿಯನ್ನು ಪುಸ್ತಕದಲ್ಲೇ ಓದಿಸಿ. ಕಥೆಯನ್ನು ಫೋನಿನಲ್ಲಿ ಓದಿದ ಮಾತ್ರಕ್ಕೆ ಅದು ಓದಲ್ಲ ಎನ್ನಲು ಆಧಾರವಿಲ್ಲ. ಹಾಸನದ ತಾಯಿಗೆ ನನ್ನ ಉತ್ತರ ಇಷ್ಟೇ: ಹೌದು, ಒಪ್ಪಿಕೊಳ್ಳಿ.

ಒಪ್ಪಿಕೊಂಡ ಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ. ಮಗು ಓದುತ್ತಿರುವ ಕಥೆಯಲ್ಲಿ ಮುಂದೇನಾಗಬೇಕು ಎಂದು ತೀರ್ಮಾನಿಸುವವರು ಯಾರು? ಓದುಗರನ್ನೂ ಕಥೆಯೊಳಗೆ ಸೇರಿಸಿಕೊಳ್ಳುವ ಪುಸ್ತಕ, ಆ್ಯಪ್, ಜಾಲತಾಣ ಯಾವುದೇ ಇರಲಿ, ನಾನು ಮೊದಲು ನೋಡುವುದು ಇದನ್ನೇ.

ಇಂಥ ಪುಸ್ತಕಗಳು ಫೋನಿಗಿಂತ ಹಳೆಯವು. ಅಮೆರಿಕದಲ್ಲಿ ಎಡ್ವರ್ಡ್ ಪ್ಯಾಕರ್ಡ್ ಎಂಬ ವಕೀಲರಿದ್ದರು. ರಾತ್ರಿ ಹೆಣ್ಣುಮಕ್ಕಳಿಗೆ ಕಥೆ ಹೇಳುವಾಗ ಒಂದು ದಿನ ಮುಂದೇನು ಹೇಳುವುದೆಂದು ತೋಚದೆ, ನೀವಾಗಿದ್ದರೆ ಏನು ಮಾಡ್ತಿದ್ರಿ ಎಂದು ಅವರನ್ನೇ ಕೇಳಿದರು. ಒಬ್ಬೊಬ್ಬಳು ಒಂದೊಂದು ಉತ್ತರ ಕೊಟ್ಟಳು. ಆ ಕವಲುಗಳನ್ನು ಹಾಗೆಯೇ ಇಟ್ಟುಕೊಂಡು 1969ರಲ್ಲಿ ಅವರು ಬರೆದ ಕಥೆ ಅಚ್ಚಾಗಲು 1976ರವರೆಗೆ ಕಾಯಬೇಕಾಯಿತು. 1979ರಲ್ಲಿ ಬ್ಯಾಂಟಮ್ ಪ್ರಕಾಶನ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಮಾಲೆ ಶುರುಮಾಡಿತು. ಮೊದಲ ಪುಸ್ತಕವೇ ಪ್ಯಾಕರ್ಡರ ‘ದ ಕೇವ್ ಆಫ್ ಟೈಮ್’. ಓದುವವರೇ ಅದರ ನಾಯಕರು. ಒಳಗೆ ಹೋಗುವುದಾದರೆ ಈ ಪುಟಕ್ಕೆ, ವಾಪಸಾಗುವುದಾದರೆ ಆ ಪುಟಕ್ಕೆ ಎಂದು ಪುಸ್ತಕ ಕೇಳುತ್ತಾ ಹೋಗುತ್ತದೆ. ಅದಕ್ಕೆ 40 ಕೊನೆಗಳು. ಓದುವ ಮಕ್ಕಳು ಹಳೆಯ ಪುಟದಲ್ಲಿ ಒಂದು ಬೆರಳು ಇಟ್ಟುಕೊಂಡೇ ಮುಂದಕ್ಕೆ ಹೋಗುತ್ತಾರೆ. ಹಳ್ಳಕ್ಕೆ ಬಿದ್ದರೆ ಆ ಬೆರಳಿನ ಪುಟಕ್ಕೆ ವಾಪಸು. ಎಷ್ಟು ಸಲ ಹಿಂದಕ್ಕೆ ಬಂದರೂ ಕೇಳುವವರಿಲ್ಲ, ಲೆಕ್ಕ ಇಡುವವರಿಲ್ಲ, ದುಡ್ಡು ಕೇಳುವವರೂ ಇಲ್ಲ. ಈ ಮೂರು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇಂಟರ್‌ನೆಟ್ ಬಂದ ಮೇಲೆ ಪ್ರಕಾಶಕರು ಪುಸ್ತಕವನ್ನೂ ಜಾಲತಾಣವನ್ನೂ ಒಟ್ಟಿಗೆ ಹೊಲಿಯಲು ನೋಡಿದರು. 2008ರಲ್ಲಿ ಸ್ಕೊಲಾಸ್ಟಿಕ್ ತಂದ ‘ದ 39 ಕ್ಲೂಸ್’ ಮಾಲೆಗೆ ಕಾರ್ಡುಗಳೂ ಆನ್‌ಲೈನ್ ಆಟವೂ ಇದ್ದವು. 2009ರ ‘ಸ್ಕೆಲಿಟನ್ ಕ್ರೀಕ್’ ಇನ್ನೂ ಮಜವಾಗಿತ್ತು: ಹುಡುಗನ ಡೈರಿ ಪುಸ್ತಕದಲ್ಲಿ, ಅವನ ಗೆಳತಿ ತೆಗೆದ ವಿಡಿಯೊ ಜಾಲತಾಣದಲ್ಲಿ, ವಿಡಿಯೊ ತೆರೆಯುವ ಪಾಸ್‌ವರ್ಡು ಡೈರಿಯ ಪುಟದಲ್ಲಿ. ಅಷ್ಟು ಹೊತ್ತಿಗೆ ಕೇಟ್ ಪುಲಿಂಜರ್ ಮತ್ತು ಕ್ರಿಸ್ ಜೋಸೆಫ್ ‘ಇನ್‌ಆ್ಯನಿಮೇಟ್ ಆಲಿಸ್’ ಎಂಬ ಕಥೆಯನ್ನು ಚಿತ್ರ, ಸದ್ದು, ಆಟಗಳ ಜೊತೆ ಕಂಪ್ಯೂಟರಿಗಾಗಿಯೇ ಬರೆದಿದ್ದರು. ಅದನ್ನು ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದ್ದರು. 2020ರ ಕೊನೆಗೆ ಫ್ಲ್ಯಾಶ್ ನಿಂತಿತು, ಅದರಲ್ಲಿ ಮಾಡಿದ ಕಥೆಗಳನ್ನು ಉಳಿಸಿಕೊಳ್ಳಲು ಬೇರೆ ದಾರಿ ಹುಡುಕಬೇಕಾಯಿತು. 1979ರ ಪುಸ್ತಕದ ಪ್ರತಿ ಇವತ್ತಿಗೂ ಹಾಗೇ ಓದಲು ಸಿಗುತ್ತದೆ.

ಆದರೆ ಹದಿಹರೆಯದವರನ್ನು ನಿಜವಾಗಿ ಹಿಡಿದಿಟ್ಟದ್ದು ಪ್ರಕಾಶಕರು ಹೆಣೆದ ಈ ಪ್ರಯೋಗಗಳಿಗಿಂತ ಹೆಚ್ಚಾಗಿ ಸಾಮಾನ್ಯ ಹುಡುಗಿಯರು ಕಂತುಕಂತಾಗಿ ಬರೆದ ಕಥೆಗಳು. ಜಪಾನಿನಲ್ಲಿ ಇದು ಮೊದಲು ಕಂಡಿತು. ಅಲ್ಲಿ 2000ದ ಆಸುಪಾಸಿನಲ್ಲಿ ಯುವತಿಯರು ಗುಂಡಿಯ ಮೊಬೈಲಿನಲ್ಲಿ, ರೈಲಿನಲ್ಲಿ ಓಡಾಡುತ್ತಾ, ಪುಟ್ಟ ಪುಟ್ಟ ಸಾಲುಗಳ ಕಾದಂಬರಿ ಬರೆದು ಜಾಲತಾಣಕ್ಕೆ ಏರಿಸತೊಡಗಿದರು. ಓದಿದವರು ಕೂಡಲೇ ಸಂದೇಶ ಕಳಿಸುತ್ತಿದ್ದರು, ಅದನ್ನು ನೋಡಿಕೊಂಡು ಬರೆಯುವವರು ಮುಂದಿನ ಕಂತು ಹೊಸೆಯುತ್ತಿದ್ದರು. ಮಿಕಾ ಎಂಬ ಹೆಸರಿನಲ್ಲಿ ಬರೆದವರ ‘ಕೊಯ್‌ಝೊರಾ’ ಪುಸ್ತಕವಾಯಿತು, ಸಿನಿಮಾ ಆಯಿತು. 2007ರಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹತ್ತು ಕಾದಂಬರಿಗಳಲ್ಲಿ ಐದು ಹೀಗೆ ಮೊಬೈಲಿನಲ್ಲಿ ಹುಟ್ಟಿದವು. ಸಾಹಿತ್ಯ ಹಾಳಾಯಿತೆಂದು ಅಲ್ಲಿನ ಹಿರಿಯರು ಆಗ ಮರುಗಿದರು. ಅದುವರೆಗೆ ಕಾದಂಬರಿಯನ್ನೇ ಓದಿರದ ಹುಡುಗಿಯರು ಅಂಗಡಿಗೆ ಬಂದು ದಪ್ಪ ಪುಸ್ತಕ ಕೊಂಡರು ಎಂಬುದನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು.

ಅದೇ ಕಾಲಕ್ಕೆ, 2006ರಲ್ಲಿ, ಕೆನಡಾದ ಟೊರಾಂಟೊದಲ್ಲಿ ಆ್ಯಲನ್ ಲಾವ್ ಮತ್ತು ಐವನ್ ಯುಎನ್ ಎಂಬ ಎಂಜಿನಿಯರುಗಳು ವಾಟ್‌ಪ್ಯಾಡ್ ಶುರುಮಾಡಿದರು. ಶಿಕ್ಷಕಿ ಕೇಳಿದ ಆ ಕಥೆ ಬರುವುದು ಬಹುಮಟ್ಟಿಗೆ ಇಲ್ಲಿಂದ. 13 ತುಂಬಿದವರು ಯಾರು ಬೇಕಾದರೂ ಖಾತೆ ತೆರೆದು ಓದಬಹುದು, ಬರೆಯಬಹುದು. ನಮ್ಮ ಬೀದಿಯ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ನನಗೆ ಬಿಡಿಸಿ ತೋರಿಸಿದಳು. ಒಂದು ಪ್ಯಾರಾ ಮುಗಿದ ಕಡೆ ಮಾತಿನ ಗುಳ್ಳೆಯೊಂದರಲ್ಲಿ ಅಂಕಿ ಕಾಣುತ್ತದೆ. ಅದನ್ನು ಒತ್ತಿದರೆ ಆ ಪ್ಯಾರಾದ ಬಗ್ಗೆಯೇ ಓದುಗರು ಆಡಿದ ಮಾತುಗಳು ತೆರೆದುಕೊಳ್ಳುತ್ತವೆ. ಅವಳು ತೆರೆದ ಜಾಗದಲ್ಲಿ ನಾಯಕ ನಾಯಕಿಯ ಕೈಯಿಂದ ಫೋನ್ ಕಸಿದುಕೊಂಡು ಯಾರ ಮೆಸೇಜು ಅದು ಎಂದು ಗದರಿಸುತ್ತಾನೆ. ಅಷ್ಟಕ್ಕೇ ನೂರಾರು ಮಾತು. ಎಷ್ಟು ಪ್ರೀತಿ ಇದ್ದರೆ ಇಷ್ಟು ಹೊಟ್ಟೆಕಿಚ್ಚು ಎಂದು ಒಬ್ಬಳು ಕರಗಿದ್ದಾಳೆ. ಅದರ ಕೆಳಗೆ ಇನ್ನೊಬ್ಬಳು, ನನ್ನಣ್ಣ ಹೀಗೆ ಮಾಡಿದ್ದಕ್ಕೆ ಅತ್ತಿಗೆ ತವರಿಗೆ ಹೋದಳು ಎಂದಿದ್ದಾಳೆ. ರೆಡ್ ಫ್ಲಾಗ್, ಓಡು ಎಂದು ಹತ್ತಾರು ಜನ. ಫಿಲಿಪ್ಪೀನ್ಸಿನ ಹುಡುಗಿಯೊಬ್ಬಳು ತನ್ನ ಭಾಷೆಯಲ್ಲೇ ಬೈದಿದ್ದಾಳೆ. “ಆಂಟಿ, ಕಥೆ ಅಷ್ಟೇನ್ ಚೆನ್ನಾಗಿಲ್ಲ, ನಾನು ಓದೋದು ಈ ಕಮೆಂಟಿಗೇ” ಎಂದಳು ನಮ್ಮ ಹುಡುಗಿ. ಅವಳೂ ಒಂದು ಕಡೆ ಬರೆದಿದ್ದಳು: ಇವನು ಕೊನೆಯಲ್ಲಿ ಕ್ಷಮೆ ಕೇಳದಿದ್ದರೆ ನಾನು ಓದೋದು ಬಿಡ್ತೀನಿ. ಕಥೆ ಬರೆದವಳು ಅದಕ್ಕೆ ನಕ್ಕ ಮುಖವೊಂದನ್ನು ಉತ್ತರವಾಗಿ ಹಾಕಿದ್ದಳು.

ಒಂದು ಪ್ಯಾರಾ ಓದಿ, ಪಾತ್ರದ ನಡತೆ ತೂಗಿ, ತನ್ನ ಅಭಿಪ್ರಾಯ ಬರೆದು, ಒಪ್ಪದವರಿಗೆ ಉತ್ತರ ಕೊಡುವುದನ್ನು ಶಾಲೆಯಲ್ಲಿ ‘ನಿಮ್ಮ ಮಾತುಗಳಲ್ಲಿ ವಿವರಿಸಿ’ ಎಂದು ನಾಲ್ಕು ಅಂಕ ಕೊಟ್ಟು ಮಾಡಿಸುತ್ತೇವೆ. ಇಲ್ಲಿ ಮಕ್ಕಳು ಕೇಳದೆಯೇ ಮಾಡುತ್ತಿದ್ದಾರೆ. ನಮ್ಮಲ್ಲಿ ವಾರಪತ್ರಿಕೆಗಳ ಧಾರಾವಾಹಿಗೆ ಓದುಗರು ಪೋಸ್ಟ್‌ಕಾರ್ಡ್ ಬರೆಯುತ್ತಿದ್ದ ಕಾಲವಿತ್ತು. ಬಾಡಿಗೆ ಪುಸ್ತಕದಂಗಡಿಯ ತ್ರಿವೇಣಿಯವರ ಕಾದಂಬರಿಗಳ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಗಳೂ, ಆ ಟಿಪ್ಪಣಿಗೆ ಬೇರೆ ಕೈಬರಹದ ಉತ್ತರಗಳೂ ಇರುತ್ತಿದ್ದವು. ಓದಿದ್ದನ್ನು ಇನ್ನೊಬ್ಬರ ಹತ್ತಿರ ಹೇಳಿಕೊಳ್ಳಬೇಕೆಂಬ ತಹತಹ ಹದಿನೈದರ ವಯಸ್ಸಿಗೆ ಸಹಜವಾದದ್ದು. ಅದಕ್ಕೆ ಈಗ ಜಗತ್ತಿನಷ್ಟು ದೊಡ್ಡ ಅಂಚು ಸಿಕ್ಕಿದೆ.

ಬರೆಯುವವರೂ ಇದೇ ವಯಸ್ಸಿನವರು. ವೇಲ್ಸಿನ ಬೆತ್ ರೀಕಲ್ಸ್ ‘ದ ಕಿಸ್ಸಿಂಗ್ ಬೂತ್’ ಬರೆದು ವಾಟ್‌ಪ್ಯಾಡಿಗೆ ಏರಿಸಿದಾಗ ಅವರಿಗೆ 15 ವರ್ಷ. 2018ರಲ್ಲಿ ಅದು ನೆಟ್‌ಫ್ಲಿಕ್ಸ್ ಚಿತ್ರವಾಯಿತು. ಅಮೆರಿಕದ ಆನಾ ಟಾಡ್ 2013ರಲ್ಲಿ ಒಂದು ಹಾಡುಗಾರರ ತಂಡದ ಅಭಿಮಾನಿಯಾಗಿ, ಹೆಚ್ಚಿನಂಶ ಫೋನಿನಲ್ಲೇ ಬರೆದ ‘ಆಫ್ಟರ್’ ನೂರು ಕೋಟಿಗೂ ಹೆಚ್ಚು ಸಲ ತೆರೆಯಲ್ಪಟ್ಟಿತು, ಮರುವರ್ಷವೇ ಪುಸ್ತಕವಾಯಿತು. ‘ಆಫ್ಟರ್’ ಬಗ್ಗೆ ನನಗೆ ತಕರಾರಿದೆ. ಹುಡುಗಿಯನ್ನು ಅವಮಾನಿಸುವ, ಹತೋಟಿಯಲ್ಲಿಡುವ ಹುಡುಗನನ್ನು ಅದು ಮತ್ತೆ ಮತ್ತೆ ಪ್ರೇಮಿಯ ಪಟ್ಟಕ್ಕೆ ಏರಿಸುತ್ತದೆ. ಇದೇ ಅಚ್ಚಿನ ಸಾವಿರಾರು ಕಥೆಗಳು ಈ ತಾಣಗಳಲ್ಲಿವೆ. ಫೋನ್ ಕಸಿಯುವ ನಾಯಕನೂ ಆ ಅಚ್ಚಿನವನೇ. ಇಂಥ ಕಥೆ ಓದಬೇಡ ಎಂದು ತಡೆದರೆ ಮಕ್ಕಳು ಅಡಗಿಸಿ ಓದುತ್ತಾರೆ, ನಮ್ಮ ತಲೆಮಾರಿನವರು ಪಠ್ಯಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಓದಿದ ಹಾಗೆ. ಜೊತೆಗೆ ಓದಿ, ಆ ನಾಯಕ ನಮ್ಮ ಬೀದಿಯಲ್ಲಿದ್ದರೆ ಏನನ್ನಿಸುತ್ತಿತ್ತು ಎಂದು ಮಾತು ತೆಗೆಯುವುದು ಒಳ್ಳೆಯ ದಾರಿ. ಅವರಲ್ಲಿ ಆಗಲೇ ಉತ್ತರ ಸಿದ್ಧವಿರುತ್ತದೆ, ಆ ಕಮೆಂಟುಗಳೇ ಅದಕ್ಕೆ ಸಾಕ್ಷಿ.

ಬರೆಯುವ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಹೆಚ್ಚು ಆತಂಕಪಡುತ್ತೇನೆ. ಅಪ್‌ಡೇಟ್ ಯಾವಾಗ, ಅಪ್‌ಡೇಟ್ ಮಾಡಿ ಪ್ಲೀಸ್ ಎಂದು ನಲವತ್ತು ಜನ ಕೇಳುತ್ತಿದ್ದರೆ, ಮರುದಿನ ಗಣಿತದ ಪರೀಕ್ಷೆ ಇದ್ದರೂ ಹದಿನಾಲ್ಕರ ಹುಡುಗಿ ರಾತ್ರಿ ಕೂತು ಕಂತು ಮುಗಿಸುತ್ತಾಳೆ. ನನಗೆ ಗೊತ್ತಿರುವ ಹುಡುಗಿಯೊಬ್ಬಳ ಕಥೆಯನ್ನು ಅಪರಿಚಿತನೊಬ್ಬ ಪ್ರತಿ ಕಂತಿಗೂ ಹೊಗಳುತ್ತಾ ಬಂದ. ಆಮೇಲೆ ಇನ್‌ಸ್ಟಾಗ್ರಾಮಿನಲ್ಲಿ ಮಾತಾಡೋಣ ಎಂದ. ಅಲ್ಲಿ ಯಾವ ಶಾಲೆ ಎಂದು ಕೇಳಿದ, ಫೋಟೊ ಕೇಳಿದ. ಹುಡುಗಿ ಅಕ್ಕನಿಗೆ ತೋರಿಸಿದಳು, ಇಬ್ಬರೂ ಸೇರಿ ಅವನನ್ನು ಬ್ಲಾಕ್ ಮಾಡಿದರು. ಅವಳು ಧೈರ್ಯವಾಗಿ ತೋರಿಸಿದ್ದು ಏಕೆಂದರೆ, ಅಕ್ಕ ಆ ಕಥೆಯ ಮೊದಲ ಓದುಗಿಯಾಗಿದ್ದಳು. ಮನೆಯಲ್ಲಿ ಒಬ್ಬರಾದರೂ ಮಗು ಬರೆದದ್ದನ್ನು ಓದುತ್ತಿದ್ದರೆ, ಎಡವಟ್ಟಾದಾಗ ಹೇಳಿಕೊಳ್ಳಲು ಒಂದು ಜಾಗ ಇರುತ್ತದೆ. ಕೈಮೀರಿದ ಪ್ರಸಂಗಗಳಿಗೆ 1098 ಮಕ್ಕಳ ಸಹಾಯವಾಣಿ ಇದೆ. ಮಕ್ಕಳಿಗೂ ಆ ನಂಬರು ಬಾಯಿಪಾಠ ಇರಲಿ.

ಈಗ ಗದಗದ ತಂದೆಯ ಪ್ರಶ್ನೆ. ಅವರ ಮಗ ಆಡುವುದು ‘ಎಪಿಸೋಡ್’, ‘ಚಾಯ್ಸಸ್’ ಎಂಬಂಥ ಕಥೆಯ ಆ್ಯಪ್‌ಗಳ ಪೈಕಿ ಒಂದು. ಮೊದಲನೆಯದು 2013ರಲ್ಲಿ, ಎರಡನೆಯದು 2016ರಲ್ಲಿ ಬಂದದ್ದು, ಎರಡೂ ಅಮೆರಿಕದವು. ನೋಡಲು ಪ್ಯಾಕರ್ಡರ ಪುಸ್ತಕದ ಮೊಮ್ಮಕ್ಕಳೇ: ಕಥೆ ಸಾಗುತ್ತದೆ, ಕವಲು ಬರುತ್ತದೆ, ನೀವು ಆರಿಸುತ್ತೀರಿ. ಆದರೆ ಆಯ್ಕೆಯ ಮೇಲೆ ಬೆಲೆಚೀಟಿ ಇದೆ. ‘ಚಾಯ್ಸಸ್’ನಲ್ಲಿ ಅಧ್ಯಾಯ ತೆರೆಯಲು ಕೀಲಿ ಬೇಕು, ಕೀಲಿ ಮುಗಿದರೆ ಗಂಟೆಗಟ್ಟಲೆ ಕಾಯಬೇಕು, ಇಲ್ಲವೇ ಕೊಳ್ಳಬೇಕು. ಕಥೆಯೊಳಗೆ ಸಾದಾ ಅಂಗಿ ಉಚಿತ, ಚೆಂದದ ಅಂಗಿಗೆ ವಜ್ರ. ಪಾರ್ಟಿಯಿಂದ ಒಬ್ಬರೇ ಮನೆಗೆ ಹೋಗುವುದು ಉಚಿತ, ನಿಂತು ಗೆಳೆಯನ ಜೊತೆ ಮನಸ್ಸು ಬಿಚ್ಚಿ ಮಾತಾಡುವುದಕ್ಕೆ ವಜ್ರ. ಬೇಕಾದಷ್ಟು ವಜ್ರ ಬಿಟ್ಟಿ ಸಿಗುವುದಿಲ್ಲ, ನಿಜವಾದ ದುಡ್ಡು ಕೊಟ್ಟು ಕೊಳ್ಳಬೇಕು. ಹಿಂದಿನ ಪುಟಕ್ಕೆ ಬೆರಳಿಟ್ಟುಕೊಂಡು ವಾಪಸಾಗುವ ಅವಕಾಶವಿಲ್ಲ, ಅಧ್ಯಾಯವನ್ನು ಮತ್ತೆ ಮೊದಲಿಂದ ಆಡಬೇಕು. ಯಾರು ಎಲ್ಲಿ ತಡೆದರು, ಎಲ್ಲಿ ದುಡ್ಡು ಕೊಟ್ಟರು ಎಂಬುದೆಲ್ಲ ಆ್ಯಪ್ ನಡೆಸುವವರಿಗೆ ಗೊತ್ತಾಗುತ್ತದೆ. ಪ್ಯಾಕರ್ಡರ ಪುಸ್ತಕದ ಬಗ್ಗೆ ಹೇಳಿದ ಮೂರು ಮಾತೂ ಇಲ್ಲಿ ತಲೆಕೆಳಗಾಗಿವೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಒಂದು ಕಾದಂಬರಿಗೆ ದುಡ್ಡು ಕೊಟ್ಟು ಕೊಳ್ಳುವುದು ಸರಿ, ಬರೆದವರಿಗೆ ಸಂದಾಯ ಆಗಲೇಬೇಕು. ಕಥೆಯ ನಡುವೆ, ಮಗುವಿನ ಮನಸ್ಸು ಪಾತ್ರಕ್ಕೆ ಅಂಟಿಕೊಂಡ ಗಳಿಗೆಯಲ್ಲಿ, ಸ್ನೇಹಿತನಿಗೆ ಸಮಾಧಾನ ಹೇಳುವ ಆಯ್ಕೆಗೆ ಬೆಲೆ ಕಟ್ಟುವುದು ಸರಿಯಲ್ಲ. ಇದನ್ನು ಹದಿನೆಂಟರ ಒಳಗಿನವರಿಗೆ ಮಾರಬಾರದು. ಗದಗದ ತಂದೆಗೆ ನಾನು ಬರೆದದ್ದು ಹೀಗೆ: ಮಗನಿಗೆ ಓದು ಬಿಡು ಅನ್ನಬೇಡಿ. ಫೋನಿನಲ್ಲಿ ಪಾವತಿಗೆ ಪಿನ್ ಹಾಕಿ, ತಿಂಗಳಿಗೆ ಇಷ್ಟು ಎಂದು ಪುಸ್ತಕದ ದುಡ್ಡು ಅವನ ಕೈಗೆ ಕೊಡಿ, ವಜ್ರಕ್ಕೋ ಪುಸ್ತಕಕ್ಕೋ ಅವನೇ ತೀರ್ಮಾನಿಸಲಿ.

ಈ ತಾಣಗಳ ಹಿಂದಿನ ದುಡ್ಡಿನ ದಾರಿಯನ್ನೂ ನಾವು ತಿಳಿದಿರಬೇಕು. 2021ರಲ್ಲಿ ದಕ್ಷಿಣ ಕೊರಿಯಾದ ನೇವರ್ ಸಂಸ್ಥೆ ಸುಮಾರು 60 ಕೋಟಿ ಡಾಲರ್ ಕೊಟ್ಟು ವಾಟ್‌ಪ್ಯಾಡನ್ನು ಕೊಂಡಿತು. ಅದೇ ವರ್ಷ ನಮ್ಮ ಬೆಂಗಳೂರಿನ ಪ್ರತಿಲಿಪಿ ಎಂಬ ಕಥೆಗಳ ತಾಣಕ್ಕೆ ದೊಡ್ಡ ಮೊತ್ತ ಹಾಕಿದ್ದು ಕ್ರಾಫ್ಟನ್, ಅಂದರೆ ನಮ್ಮ ಹುಡುಗರು ರಾತ್ರಿಯಿಡೀ ಆಡಿದ ಪಬ್‌ಜಿಯ ಹಿಂದಿನ ಕೊರಿಯನ್ ಕಂಪನಿ. ಹುಡುಗರ ಆಟಕ್ಕೂ ಹುಡುಗಿಯರ ಕಥೆಗೂ ಒಂದೇ ಜಾಗದ ಬಂಡವಾಳ ಬರುತ್ತಿದೆ. ಆ ಕಥೆ ಸಿನಿಮಾ ಆಗಬಹುದು, ವೆಬ್ ಸರಣಿ ಆಗಬಹುದು ಎಂಬುದು ಅವರ ಲೆಕ್ಕ. ಹಾಗಾಗಿ ಬರೆಯುವ ಮಕ್ಕಳು ಯಾವುದೇ ಒಪ್ಪಂದಕ್ಕೆ ‘ಒಪ್ಪಿಗೆ’ ಒತ್ತುವ ಮೊದಲು ಹಿರಿಯರೊಬ್ಬರು ಅದನ್ನು ಪೂರ್ತಿ ಓದಬೇಕು. ಕಾನೂನು ನಿಧಾನವಾಗಿ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರ ಒಳಗಿನವರನ್ನೆಲ್ಲ ಮಕ್ಕಳೆಂದೇ ಕರೆಯುತ್ತದೆ. ಅವರ ದತ್ತಾಂಶ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಅವರ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಟ್ಟುಪಾಡುಗಳಿಗೆ ಕಂಪನಿಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯೇ ಇರಬಾರದೆಂದು ಮಾಡಿದೆ.

ಇನ್‌ಸ್ಟಾಗ್ರಾಮಿನ ಕಡೆಯಿಂದ ಓದಿಗೆ ಬರುವ ಮಕ್ಕಳೂ ಇದ್ದಾರೆ. ಹೊರದೇಶಗಳಲ್ಲಿ ಟಿಕ್‌ಟಾಕಿನ ಓದುಗರು ಹಳೆಯ ಪುಸ್ತಕಗಳನ್ನು ಮತ್ತೆ ಎತ್ತಿ ಹಿಡಿದರು. ಕಾಲೀನ್ ಹೂವರ್ ಅವರ 2016ರ ‘ಇಟ್ ಎಂಡ್ಸ್ ವಿತ್ ಅಸ್’ ಐದು ವರ್ಷದ ಮೇಲೆ ಇದ್ದಕ್ಕಿದ್ದಂತೆ ಮಾರಾಟದ ಪಟ್ಟಿಯ ತುದಿಗೆ ಏರಿದ್ದು ಹಾಗೆ. ನಮ್ಮಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಅದೇ ಗಾಳಿ ರೀಲ್ಸ್‌ ಮೂಲಕ ಬಂತು. ಶನಿವಾರ ಸಂಜೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಿಗೆ ಹೋದರೆ ಫೋನಿನಲ್ಲಿ ಪಟ್ಟಿ ಹಿಡಿದು ಪುಸ್ತಕ ಹುಡುಕುವ ಹುಡುಗ ಹುಡುಗಿಯರನ್ನು ಕಾಣಬಹುದು. ಸಂತೋಷದ ದೃಶ್ಯ. ಎಲ್ಲರ ಪಟ್ಟಿಯಲ್ಲೂ ಬಹುತೇಕ ಅವೇ ಹತ್ತು ಹೆಸರು ಇರುತ್ತವೆ ಎಂಬುದು ಅದರ ಇನ್ನೊಂದು ಮುಖ. ಮುಂದೆ ಯಾವುದನ್ನು ಓದಬೇಕೆಂಬ ತೀರ್ಮಾನವನ್ನು ರೀಲ್ಸ್ ಅವರಿಗಿಂತ ಮೊದಲೇ ಮಾಡಿಟ್ಟಿದೆ.

ಇದೆಲ್ಲ ಪೇಟೆಯ ಇಂಗ್ಲಿಷ್ ಶಾಲೆಯ ಮಕ್ಕಳ ಮಾತು ಎಂದು ಬದಿಗೊತ್ತಲು ಆಗುವುದಿಲ್ಲ. ದೇಶದ ಗ್ರಾಮೀಣ ಭಾಗದ 14ರಿಂದ 18ರ ವಯಸ್ಸಿನವರ ಬಗ್ಗೆ ‘ಅಸರ್’ ಹೆಸರಿನಲ್ಲಿ 2023ರಲ್ಲಿ ನಡೆದ ಶಿಕ್ಷಣ ಸಮೀಕ್ಷೆಯಲ್ಲಿ ಸುಮಾರು ಶೇಕಡ 90 ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅದನ್ನು ಬಳಸಬಲ್ಲ ಹುಡುಗರಲ್ಲಿ ಶೇಕಡ 43.7 ಜನಕ್ಕೆ ಸ್ವಂತ ಫೋನ್, ಹುಡುಗಿಯರಲ್ಲಿ ಶೇಕಡ 19.8 ಜನಕ್ಕೆ. ಅದೇ ಸಮೀಕ್ಷೆಯ ಪ್ರಕಾರ ಈ ವಯಸ್ಸಿನ ನಾಲ್ವರಲ್ಲಿ ಒಬ್ಬರಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ. ಫೋನ್ ತಲುಪಿದ ಕಡೆಗೆಲ್ಲ ಓದು ತಲುಪಿಲ್ಲ. ಕೈಯಲ್ಲಿ ಫೋನಿದ್ದೂ ಓದಲು ತಿಣುಕುವ ಆ ಮಗುವಿಗೆ, ಅದರ ಭಾಷೆಯಲ್ಲಿ, ಅದರ ವಯಸ್ಸಿಗೆ ತಕ್ಕ ಯಾವ ಕಥೆಯನ್ನು ನಾವು ಆ ಫೋನಿನೊಳಗೆ ಇಟ್ಟಿದ್ದೇವೆ?

ಕನ್ನಡದಲ್ಲಿ ಪುಟ್ಟ ಮಕ್ಕಳಿಗೆ ಒಳ್ಳೆಯ ಪುಸ್ತಕಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳನ್ನು ಬಿಟ್ಟಿಯಾಗಿ ಓದಬಹುದು, ಅನುವಾದ ಮಾಡಿ ಸೇರಿಸಲೂಬಹುದು. ಹದಿನೆಂಟು ದಾಟಿದವರಿಗೆ ಇಡೀ ಕನ್ನಡ ಸಾಹಿತ್ಯ ಇದೆ. ನಡುವಿನ ಐದಾರು ವರ್ಷ ಖಾಲಿ. ಆ ಜಾಗದಲ್ಲಿ ತೇಜಸ್ವಿ ಒಬ್ಬರೇ ಇಷ್ಟು ವರ್ಷದಿಂದ ನಿಂತಿದ್ದಾರೆ. ‘ಕರ್ವಾಲೊ’ 1980ರ ಪುಸ್ತಕ, ಇವತ್ತಿನ ಹದಿನಾಲ್ಕರ ಹುಡುಗನೂ ಅದನ್ನು ಕೆಳಗಿಡದೆ ಓದುತ್ತಾನೆ. ಆದರೆ ಮೊದಲ ಮುಟ್ಟಿನ ಗಾಬರಿ, ಗೆಳತಿ ಮಾತು ಬಿಟ್ಟ ದುಃಖ, ಮಾರ್ಕ್ಸ್ ಕಾರ್ಡಿನ ಭಯ, ಮನೆಯಲ್ಲಿ ಹೇಳಿಕೊಳ್ಳಲಾಗದ ಮೆಚ್ಚುಗೆ ಇವುಗಳ ಕಥೆ ಹುಡುಕಿ ನಮ್ಮ ಹುಡುಗಿಯರು ಇಂಗ್ಲಿಷಿಗೆ ಹೋಗುತ್ತಾರೆ. ಕನ್ನಡದಲ್ಲಿ ಬರೆಯೋಕೆ ಏನಾಗುತ್ತೆ ಎಂದು ನಮ್ಮ ಬೀದಿಯ ಹುಡುಗಿಯನ್ನು ಕೇಳಿದೆ. “ಕನ್ನಡದಲ್ಲಿ ಲವ್ ಬಗ್ಗೆ ಬರೆದ್ರೆ ಕ್ರಿಂಜ್ ಆಗುತ್ತೆ ಆಂಟಿ, ಸಿನಿಮಾ ಡೈಲಾಗ್ ಥರ ಕೇಳ್ಸುತ್ತೆ” ಎಂದಳು. ತನ್ನ ವಯಸ್ಸಿನವರು ಮನೆಯಲ್ಲಿ ಆಡುವ ಕನ್ನಡವನ್ನು ಅವಳು ಪುಸ್ತಕದಲ್ಲಿ ಕಂಡೇ ಇಲ್ಲ.

ಕಂಡರೆ ಏನಾಗುತ್ತದೆ ಎಂಬುದನ್ನು ಒಂದು ಬೇಸಿಗೆ ಶಿಬಿರದಲ್ಲಿ ನೋಡಿದೆ. ಶಿವಮೊಗ್ಗದ ಹತ್ತಿರದ ಊರು, ಸರ್ಕಾರಿ ಹೈಸ್ಕೂಲಿನ ಮಕ್ಕಳು. ಅಲ್ಲಿ ಬಳಸಿದ್ದು ಟ್ವೈನ್ ಎಂಬ ತಂತ್ರಾಂಶ. ಕ್ರಿಸ್ ಕ್ಲೈಮಸ್ ಎಂಬವರು 2009ರಲ್ಲಿ ಅದನ್ನು ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟರು. ಪ್ರೋಗ್ರಾಮಿಂಗ್ ಬರಬೇಕಿಲ್ಲ. ಒಂದು ಚೌಕದಲ್ಲಿ ಒಂದು ದೃಶ್ಯ ಬರೆದು, ಮುಂದಿನ ಆಯ್ಕೆಯನ್ನು ಎರಡೆರಡು ಚದರ ಕಂಸದೊಳಗೆ ಹಾಕಿದರೆ ಅಲ್ಲಿಂದ ಗೆರೆಯೊಂದು ಹೊರಟು ಹೊಸ ಚೌಕ ತಾನಾಗಿ ಹುಟ್ಟುತ್ತದೆ. ಕನ್ನಡದಲ್ಲೂ ಟೈಪ್ ಮಾಡಬಹುದು. ಮುಗಿದ ಕಥೆ ಒಂದು ಫೈಲು. ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಫೋನಿನ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಮಕ್ಕಳು ಮೊದಲು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಜಾತ್ರೆಯಿಂದ ಬರುವಾಗ ಕೊನೆಯ ಬಸ್ಸು ತಪ್ಪಿತು. ನಡೆದು ಹೋಗುವುದಾದರೆ ಒಂದು ದಾರಿ, ಪರಿಚಯದ ಟ್ರ್ಯಾಕ್ಟರ್ ಹತ್ತುವುದಾದರೆ ಇನ್ನೊಂದು, ಅಲ್ಲೇ ದೊಡ್ಡಮ್ಮನ ಮನೆಗೆ ಹೋಗುವುದಾದರೆ ಮತ್ತೊಂದು. ಟ್ರ್ಯಾಕ್ಟರಿನ ಕವಲಿನಲ್ಲಿ ಜಗಳ ಶುರುವಾಯಿತು. ಹುಡುಗರು ಹತ್ತೋಣ ಎಂದರು. ಹುಡುಗಿಯೊಬ್ಬಳು ಎದ್ದು, ಕಥೆಯಲ್ಲಿರೋದು ಹುಡುಗನೋ ಹುಡುಗಿಯೋ ಮೊದಲು ಅದು ಹೇಳಿ ಎಂದಳು. ತರಗತಿ ಸುಮ್ಮನಾಯಿತು. ಆಮೇಲೆ ಮಕ್ಕಳೇ ಕಥೆಯ ಮೊದಲ ಚೌಕ ಅಳಿಸಿ, ‘ನೀನು ಹುಡುಗನಾ, ಹುಡುಗಿಯಾ?’ ಎಂಬ ಕವಲನ್ನು ಅಲ್ಲಿ ಇಟ್ಟರು. ಇಡೀ ಕಥೆಯನ್ನು ಎರಡು ಸಲ ಬರೆಯಬೇಕಾಯಿತು, ಅವರು ಬರೆದರು. ಹಿಂದಿನ ಬೆಂಚಿನ ಹುಡುಗನೊಬ್ಬನದು ಒಂದೇ ಹಟ: “ಯಾವ ದಾರೀಲಿ ಹೋದ್ರೂ ಕೊನೆಗೆ ಅಪ್ಪನ ಹತ್ರ ಬೈಸ್ಕೊಳ್ಳೋದೇ ಮಿಸ್.” ಅದಕ್ಕೂ ಓಟಾಯಿತು, ಅವನ ಕೊನೆ ಗೆದ್ದಿತು. ಟ್ವೈನಿಗೆ ಏರಿಸಿದ ಆ ಕಥೆಯ ಫೈಲು ಸಂಜೆಯೊಳಗೆ ಊರಿನ ಫೋನುಗಳಲ್ಲೆಲ್ಲ ಓಡಾಡಿತು. ಓದಲು ತಿಣುಕುತ್ತಿದ್ದ ಎಂಟನೇ ಕ್ಲಾಸಿನ ಇಬ್ಬರು, ತಮ್ಮ ಅಕ್ಕಂದಿರು ಬರೆದ ಕೊನೆ ಯಾವುದೆಂದು ನೋಡುವುದಕ್ಕಾಗಿ ಅಕ್ಷರ ಕೂಡಿಸಿ ಕೂಡಿಸಿ ಇಡೀ ಕಥೆ ಓದಿದರು.

ಹೈಸ್ಕೂಲಿನ ಕನ್ನಡ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಈ ವರ್ಷದ ಪ್ರಬಂಧ ಸ್ಪರ್ಧೆಗಳಲ್ಲಿ ಒಂದನ್ನು ಕವಲುಕಥೆಗೆ ಬಿಟ್ಟುಕೊಡಿ. ಕಂಪ್ಯೂಟರ್ ಇದ್ದರೆ ಟ್ವೈನ್ ಸಾಕು, ಇಲ್ಲದಿದ್ದರೆ ನೋಟುಬುಕ್ಕಿನ ಪುಟಕ್ಕೆ ಅಂಕಿ ಹಾಕಿ ಬರೆಸಿದರೂ ನಡೆಯುತ್ತದೆ. ಕನ್ನಡದ ಲೇಖಕರು ಮತ್ತು ಪ್ರಕಾಶಕರಲ್ಲಿ ಇನ್ನೊಂದು: ಹದಿಮೂರರಿಂದ ಹದಿನೇಳರ ಮಕ್ಕಳಿಗಾಗಿ, ಅವರು ಆಡುವ ಕನ್ನಡದಲ್ಲಿ, ವರ್ಷಕ್ಕೆ ಒಂದಾದರೂ ಪುಸ್ತಕ ತನ್ನಿ, ಕಂತಿನಲ್ಲಾದರೂ ಸರಿ, ಫೋನಿನಲ್ಲಾದರೂ ಸರಿ. ಮತ್ತು ಹಾಸನದ ತಾಯಿಗೆ: ಇವತ್ತು ರಾತ್ರಿ ಮಗಳ ಪಕ್ಕ ಕೂತು, ನೀನು ಓದ್ತಿರೋ ಕಥೆ ಎಲ್ಲಿಗೆ ಬಂತು ಎಂದು ಕೇಳಿ. ಅವಳು ತೋರಿಸಿದ ಕಂತನ್ನು ಪೂರ್ತಿ ಓದಿ. ಅವಳು ಬರೆದ ಕಮೆಂಟನ್ನೂ ಓದಿ.